ಮರಗೆಣಸಿನ ಕೊಯ್ಲು ಮತ್ತು ಸಂಸ್ಕರಣ

ಯೂಫೋರ್ಬಿಯೇಸೀ ಕುಟುಂಬಕ್ಕೆ ಸೇರಿದ, ಮ್ಯಾನಿಹಾಟ್ ಎಸ್ಕ್ಯುಲೆಂಟ ಎಂಬ ಶಾಸ್ತ್ರೀಯ ನಾಮವುಳ್ಳ, ಪಿಷ್ಟದಿಂದ ತುಂಬಿದ ಬೇರುಗಳಿಗಾಗಿ ಉಷ್ಣವಲಯದ ನಾಡುಗಳಲ್ಲೆಲ್ಲ ಬೆಳೆಸಲಾಗುವ ಪೊದೆಸಸ್ಯವೇ ಮರಗೆಣಸು. ಹರಳು, ರಬ್ಬರು, ಕಳ್ಳಿ ಇವೆಲ್ಲ ಇದರ ದಾಯಾದಿಗಳು. ಕಾಂಡವನ್ನು ಮುರಿದಾಗ ಒಸರುವ ಬಿಳಿಯ ಹಾಲು ಈ ಬಾಂಧವ್ಯದ ಗುರುತು. ತಮಿಳರು ಇದನ್ನು ಮರವಳ್ಳಿ ಕಿಳಂಗು ಎನ್ನುತ್ತಾರೆ. ಮಲಯಾಳದಲ್ಲಿ ಪ್ರದೇಶಭೇದದಿಂದ ಕಪ್ಪ, ಮರಚ್ಚೀನಿ, ಕೊಳ್ಳಿ, ಪೂಳ ಎಂಬ ಹೆಸರುಗಳುಂಟು. ನೆಲದೊಳಗಿರುವಷ್ಟು ಕಾಲ ತಿಂಗಳುಗಟ್ಟಲೆ ಕೆಡದೆ ಒಡೆಯನಿಗಾಗಿ ಕಾದಿರುವ ಈ ಗೆಡ್ಡೆ, ನೆಲದಿಂದ ಹೊರಬಂದ ಎರಡು ಮೂರು ದಿನಗಳೊಳಗೆ ಕೆಟ್ಟುಹೋಗುವುದು ಇದರ ಒಂದು ಸ್ವಭಾವ. ತನ್ನ ಅಂಗಾಂಶದಲ್ಲಿ ವಿಷಜನಕವಾದ ದ್ರವ್ಯವನ್ನು ಅಡಗಿಸಿಟ್ಟುಕೊಂಡಿರುವುದು ಇನ್ನೊಂದು ಸ್ವಭಾವ. ಕೀಳುವ ಕೆಲಸವನ್ನೂ ಹಸನುಗೊಳಿಸುವ ಕೆಲಸವನ್ನೂ ಒಂದೇ ಹಗಲಿನೊಳಗೆ ಕೂಡಿಸಿ, ಒಂದು ಮನೆಯ ಕೈಗಳು ಸಾಲದೆಂದು ನೆರೆಹೊರೆಯವರನ್ನೂ ಅದೇ ಅಂಗಳಕ್ಕೆ ಕರೆತಂದುದು ಈ ಎರಡು ಸ್ವಭಾವಗಳೇ ಎಂಬುದನ್ನು ಮನಗಂಡರೆ, ಮರಗೆಣಸಿನ ಕೊಯ್ಲು ಬೇಸಾಯದ ಒಂದು ಹಂತವಷ್ಟೇ ಅಲ್ಲದೆ ಒಂದು ಸಾಮಾಜಿಕ ಸಂಸ್ಥೆಯೂ ಆದ ಬಗೆ ತಿಳಿಯುತ್ತದೆ. ಕೇರಳದ ಕೋಟ್ಟಯಂ, ಇಡುಕ್ಕಿ, ಪತ್ತನಂತಿಟ್ಟ ಮೊದಲಾದ ಜಿಲ್ಲೆಗಳಲ್ಲಿಯೂ ಮಲಬಾರಿನ ಬೆಟ್ಟದ ಸೀಮೆಯಲ್ಲಿಯೂ ರೂಢಿಯಲ್ಲಿರುವ ‘ಕಪ್ಪವಾಟ್ಟ್’ ಎಂಬ ಕೂಡುಕೆಲಸ ಈ ಸಂಸ್ಥೆಯ ಅತ್ಯಂತ ಸ್ಫುಟವಾದ ರೂಪವಾದುದರಿಂದ ಇಲ್ಲಿ ಅದನ್ನೇ ಮುಖ್ಯವಾಗಿ ವರ್ಣಿಸಲಾಗಿದೆ. ‘ವಾಟ್ಟು’ ಎಂಬ ಮಲಯಾಳ ಶಬ್ದ ನಮ್ಮ ‘ಬಾಡಿಸು’ ಎಂಬುದಕ್ಕೆ ಸೋದರ; ಗೆಡ್ಡೆಯ ಹೋಳುಗಳನ್ನು ಕುದಿನೀರಿನಲ್ಲಿ ಬಾಡಿಸಿ ಬಿಸಿಲಿನಲ್ಲಿ ಒಣಗಿಸಿಡುವುದೇ ಈ ಕಾರ್ಯದ ಸಾರಾಂಶ.

ಸಸ್ಯಸ್ವರೂಪ: ಮರಗೆಣಸು ಆಳೆತ್ತರಕ್ಕೆ, ಕೆಲವೊಮ್ಮೆ ಅದಕ್ಕೂ ಮೀರಿ ಬೆಳೆಯುವ ಗಿಡ. ಎಲೆ ಬಿಚ್ಚಿದ ಹಸ್ತದಂತೆ ಐದರಿಂದ ಏಳು ಸೀಳುಗಳಾಗಿ ಹರಡಿರುತ್ತದೆ. ತೊಟ್ಟು ಹಲವು ತಳಿಗಳಲ್ಲಿ ಕೆಂಪು. ಎಲೆಯುದುರಿದ ಕಲೆಗಳಿಂದಾಗಿ ಕಾಂಡ ಗಂಟುಗಂಟಾಗಿ ಕಾಣುತ್ತದೆ. ಬುಡದಿಂದ ಸುತ್ತಲೂ ಹೊರಡುವ ಬೇರುಗಳಲ್ಲಿ ಕೆಲವು ಪಿಷ್ಟವನ್ನು ಶೇಖರಿಸಿಕೊಂಡು ದಪ್ಪವಾಗುತ್ತವೆ. ಇವು ಆಲೂಗೆಡ್ಡೆಯಂತೆ ರೂಪಾಂತರ ಹೊಂದಿದ ಕಾಂಡಗಳಲ್ಲ, ನಿಜವಾದ ಬೇರುಗಳು. ಇವುಗಳಿಗೆ ಮೊಳೆಯುವ ಕಣ್ಣುಗಳಿಲ್ಲ. ಸಂತತಿಯನ್ನು ಮುಂದುವರಿಸುವ ಹೊಣೆ ಈ ಬೇರುಗಳದಲ್ಲವಾದುದರಿಂದ, ಗಿಡದಿಂದ ಬೇರ್ಪಟ್ಟ ಬಳಿಕ ಜೀವವನ್ನು ಹಿಡಿದಿಟ್ಟುಕೊಳ್ಳುವ ಸುಪ್ತಾವಸ್ಥೆಯೂ ಇವುಗಳಿಗೆ ಒದಗಿಲ್ಲ. ಗೆಡ್ಡೆಯನ್ನು ಅಡ್ಡಲಾಗಿ ಕತ್ತರಿಸಿದಾಗ ಹೊರಗೆ ಮಣ್ಣುಬಣ್ಣದ ತೆಳುವಾದ ಸಿಪ್ಪೆ, ಅದರೊಳಗೆ ಬಿಳಿ ಅಥವಾ ನಸುಗೆಂಪಾದ ದಪ್ಪ ತೊಗಟೆ, ಅದಕ್ಕೂ ಒಳಗೆ ಹಿಟ್ಟಿನಂತೆ ಬೆಳ್ಳಗಿರುವ ತಿರುಳು, ನಟ್ಟನಡುವೆ ನಾರಿನ ಒಂದು ಎಳೆ ಕಾಣಿಸುತ್ತವೆ. ಹಸಿಯ ತಿರುಳಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ನೀರು; ಶೇಕಡ 25ರಿಂದ 35ರಷ್ಟು ಪಿಷ್ಟ; ಸಸಾರಜನಕವಾದರೋ ಶೇಕಡ ಒಂದೆರಡರಷ್ಟು ಮಾತ್ರ. ಮರಗೆಣಸನ್ನು ಮೀನು, ಮಾಂಸ, ಕಾಳುಗಳ ಜೊತೆಯಲ್ಲಿ ಉಣ್ಣುವ ರೂಢಿಯ ಹಿಂದೆ ಈ ಕೊರತೆಯ ಪರಿಹಾರವಿದೆ.

ಚರಿತ್ರೆ: ಮರಗೆಣಸಿನ ತವರು ದಕ್ಷಿಣ ಅಮೆರಿಕ. ಅಮೆಜಾನ್ ಪ್ರಾಂತದ ನೈರುತ್ಯ ಅಂಚಿನಲ್ಲಿ ಅದರ ಕಾಡುಜಾತಿ ಇಂದಿಗೂ ಬೆಳೆಯುತ್ತಿದ್ದು, ಸಹಸ್ರಾರು ವರ್ಷಗಳ ಹಿಂದೆ ಅಲ್ಲಿನ ಮೂಲನಿವಾಸಿಗಳು ಅದನ್ನು ಪಳಗಿಸಿ ಬೆಳೆಯಾಗಿಸಿದರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಬ್ರೆಜಿಲಿನಿಂದ ಆಫ್ರಿಕದ ಪಶ್ಚಿಮ ತೀರಕ್ಕೆ ಒಯ್ದರು. ಮುಂದೆ ಹದಿನೇಳನೆಯ ಶತಮಾನದಲ್ಲಿ ಅವರ ಮೂಲಕವೇ ಅದು ಮಲಬಾರ್ ತೀರವನ್ನು ಮುಟ್ಟಿತೆಂಬುದು ಸಾಮಾನ್ಯವಾಗಿ ಅಂಗೀಕೃತವಾದ ಅಭಿಪ್ರಾಯ. ಆದರೂ ಬಹುಕಾಲ ಅದು ಹಿತ್ತಲಿನ ಗಿಡವಾಗಿಯೇ ಉಳಿದಿದ್ದಿತು. ತಿರುವಾಂಕೂರಿನ ಸಿಂಹಾಸನವನ್ನು 1880ರಿಂದ 1885ರ ವರೆಗೆ ಅಲಂಕರಿಸಿದ್ದ, ವಿದ್ವಾಂಸನೂ ಸಸ್ಯಪ್ರಿಯನೂ ಆಗಿದ್ದ ವಿಶಾಖಂ ತಿರುನಾಳ್ ರಾಮವರ್ಮ ಮಹಾರಾಜ ಈ ಬೆಳೆಯಲ್ಲಿ ಪ್ರಜೆಗಳ ಕ್ಷಾಮಕ್ಕೆ ಮದ್ದನ್ನು ಕಂಡು, ಹೊರನಾಡುಗಳಿಂದ ಒಳ್ಳೆಯ ತಳಿಗಳನ್ನು ತರಿಸಿ, ಬೇಸಾಯವನ್ನು ಪ್ರೋತ್ಸಾಹಿಸಿದನು. ವಿಷದ ಗೆಡ್ಡೆಯೆಂದು ಜನ ಹಿಂಜರಿದಾಗ ಅರಮನೆಯಲ್ಲಿಯೇ ಅದನ್ನು ಬೇಯಿಸಿ ಬಡಿಸಿ ಅವರ ಸಂಶಯವನ್ನು ನೀಗಿದನೆಂಬ ಐತಿಹ್ಯವೂ ಇದೆ. ಐತಿಹ್ಯದ ಸತ್ಯಾಸತ್ಯತೆ ಹೇಗೇ ಇರಲಿ, ಹಸಿವು ಮತ್ತು ಭಯಗಳ ನಡುವೆ ಈ ಗೆಡ್ಡೆ ನಡೆದುಬಂದ ದಾರಿಯನ್ನು ಅದು ಚೆನ್ನಾಗಿ ಸೂಚಿಸುತ್ತದೆ.

ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ದೇಶ ಜಪಾನೀಯರ ವಶವಾದ ಕೂಡಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಗಿ, ಹೊರಗಿನ ಅಕ್ಕಿಯನ್ನೇ ನೆಚ್ಚಿದ್ದ ತಿರುವಾಂಕೂರು ಕಂಗೆಟ್ಟಿತು. ಆ ವರ್ಷಗಳಲ್ಲಿ ಬಡವರ ಒಲೆಯ ಮೇಲೆ ಅನ್ನದ ಸ್ಥಾನದಲ್ಲಿ ನಿಂತುದು ಮರಗೆಣಸು. ಅದೇ ಕಾಲದ ಆಸುಪಾಸಿನಲ್ಲಿ ಮಧ್ಯ ತಿರುವಾಂಕೂರಿನ ರೈತಕುಟುಂಬಗಳು ಭೂಮಿಯನ್ನರಸಿ ಪೂರ್ವದ ಬೆಟ್ಟಗಳಿಗೂ ಉತ್ತರದ ಮಲಬಾರಿಗೂ ತಂಡೋಪತಂಡವಾಗಿ ವಲಸೆಹೋದವು. ಈ ವಲಸೆಯ ಬವಣೆಯನ್ನು ಎಸ್. ಕೆ. ಪೊಟ್ಟೆಕ್ಕಾಟ್ ಅವರು ‘ವಿಷಕನ್ಯಕ’ ಎಂಬ ಕಾದಂಬರಿಯಲ್ಲಿ ಚಿತ್ರಿಸಿದ್ದಾರೆ. ಕಾಡು ಕಡಿದ ನೆಲದಲ್ಲಿ ಗದ್ದೆ ಏಳುವುದಕ್ಕೂ ತೋಟ ಫಲಕೊಡುವುದಕ್ಕೂ ವರ್ಷಗಳು ಬೇಕು. ಕಾಂಡದ ಒಂದು ತುಂಡನ್ನು ಊರಿದರೆ ಹತ್ತೇ ತಿಂಗಳಿಗೆ ಹೊಟ್ಟೆ ತುಂಬಿಸುವ ಮರಗೆಣಸು ಹೊಸ ನೆಲೆಗಾರರಿಗೆ ಮೊದಲ ಬೆಳೆಯಾದುದು ಸಹಜವೇ ಸರಿ. ಬಂಧುಬಳಗವನ್ನು ಹಿಂದೆ ಬಿಟ್ಟುಬಂದವರಿಗೆ ಪಕ್ಕದ ಗುಡಿಸಲಿನವರೇ ಬಳಗವಾದ ಆ ಪರಿಸ್ಥಿತಿಯಲ್ಲಿ ಕಪ್ಪವಾಟ್ಟ್ ಎಂಬ ಕೂಡುಕೆಲಸ ಬೇರುಬಿಟ್ಟಿತು.

ಬೇಸಾಯ: ಬಲಿತ ಕಾಂಡವನ್ನು ಗೇಣುದ್ದದ ತುಂಡುಗಳಾಗಿ ಕಡಿದು, ಸಡಿಲ ಮಣ್ಣಿನ ಗುಡ್ಡೆಗಳ ಮೇಲೆ, ಸುಮಾರು 90 ಸೆಂಟಿಮೀಟರ್ ಅಂತರದಲ್ಲಿ ನೆಟ್ಟಗೆ ಊರುತ್ತಾರೆ. ಮುಂಗಾರಿಗೆ ಮುಂಚಿನ ಮಳೆ ಬೀಳುವ ಏಪ್ರಿಲ್–ಮೇ ತಿಂಗಳು ನಾಟಿಗೆ ಪ್ರಶಸ್ತ. ನೀರು ನಿಲ್ಲುವ ನೆಲವೊಂದನ್ನು ಬಿಟ್ಟರೆ ಮಿಕ್ಕ ಯಾವ ಬಡಮಣ್ಣನ್ನೂ ಈ ಗಿಡ ನಿರಾಕರಿಸದು. ಗೊಬ್ಬರ, ಎರಡು ಸಲ ಕಳೆ ತೆಗೆದು ಬುಡಕ್ಕೆ ಮಣ್ಣೇರಿಸುವುದು, ಇಷ್ಟು ನಡೆದರೆ ತಳಿಗೆ ತಕ್ಕಂತೆ ಆರರಿಂದ ಹತ್ತು ತಿಂಗಳಲ್ಲಿ ಗೆಡ್ಡೆ ಬಲಿಯುತ್ತದೆ. ಬಿಳಿನೊಣದ ಮೂಲಕ ಹರಡಿ ಎಲೆಗಳನ್ನು ಹಳದಿ ಮಚ್ಚೆಗಳೊಡನೆ ಮುರುಟಿಸುವ ಮೊಸಾಯಿಕ್ ರೋಗವೂ, ಹೆಗ್ಗಣ, ಮುಳ್ಳುಹಂದಿ, ಕಾಡುಹಂದಿಗಳೂ ಈ ಬೆಳೆಯ ಪ್ರಮುಖ ವೈರಿಗಳು. ತಿರುವನಂತಪುರದ ಶ್ರೀಕಾರ್ಯಂನಲ್ಲಿ 1963ರಲ್ಲಿ ಸ್ಥಾಪಿತವಾದ ಕೇಂದ್ರ ಗೆಡ್ಡೆಬೆಳೆಗಳ ಸಂಶೋಧನ ಸಂಸ್ಥೆ ಎಚ್-97, ಎಚ್-165, ಎಚ್-226 ಎಂಬ ಸಂಕರ ತಳಿಗಳನ್ನು 1971ರಲ್ಲಿ ಬಿಡುಗಡೆ ಮಾಡಿತು. ಬಳಿಕ ಬಂದ ಒಂದು ತಳಿಗೆ ‘ಶ್ರೀ ವಿಶಾಖಂ’ ಎಂದು ಹೆಸರಿಟ್ಟು ಬೆಳೆಯನ್ನು ಪೋಷಿಸಿದ ಮಹಾರಾಜನ ಸ್ಮರಣೆಯನ್ನು ಉಳಿಸಿತು. ಆರೇಳು ತಿಂಗಳಲ್ಲೇ ಬಲಿಯುವ ಶ್ರೀ ಜಯ, ಶ್ರೀ ವಿಜಯ ಎಂಬ ತಳಿಗಳೂ ಅಲ್ಲಿಂದಲೇ ಬಂದವು. ಆದರೂ ಬೇಯಿಸಿದಾಗ ಹೂವಿನಂತೆ ಅರಳುವ, ಮಲಯದಿಂದ ಬಂದ ‘ಎಂ-4’ ತಳಿಯನ್ನು ಊಟಕ್ಕಾಗಿ ಮೆಚ್ಚುವವರು ಬಹಳ.

ಕೀಳುವ ದಿನ: ಮಕರ ಮಾಸ, ಎಂದರೆ ಜನವರಿಯ ನಡುವಿನಿಂದ ಫೆಬ್ರವರಿಯ ನಡುವಿನ ವರೆಗಿನ ಕಾಲ, ಕಪ್ಪವಾಟ್ಟಿಗೆ ತಕ್ಕ ಋತು. ಗೆಡ್ಡೆ ಬಲಿತಿರುತ್ತದೆ, ಆಕಾಶ ನಿರ್ಮಲವಾಗಿರುತ್ತದೆ, ಹೋಳುಗಳನ್ನು ಹರಡುವ ಬಂಡೆ ಬೆಚ್ಚಗಿರುತ್ತದೆ. ಕೆಲಸದ ದಿನವನ್ನು ಮನೆಯವರು ಮೊದಲೇ ಗೊತ್ತುಮಾಡಿ ನೆರೆಯವರಿಗೆ ತಿಳಿಸುತ್ತಾರೆ. ಇಂದು ಇವರ ಅಂಗಳಕ್ಕೆ ಬಂದವರ ಅಂಗಳಕ್ಕೆ ನಾಳೆಯೋ ನಾಡಿದ್ದೋ ಇವರು ಹೋಗುತ್ತಾರೆ. ಮಲೆನಾಡಿನ ರೈತರು ಮುಯ್ಯಾಳು ಎಂದು ಕರೆಯುವ ಪದ್ಧತಿಯೇ ಇದು. ಇಲ್ಲಿ ಕೂಲಿಯ ಲೆಕ್ಕವಿಲ್ಲ, ಆಳಿಗೆ ಆಳು, ಹಗಲಿಗೆ ಹಗಲು.

ಬೆಳಕು ಹರಿಯುವ ಮುನ್ನವೇ ಗಂಡಸರು ಕತ್ತಿ, ಗುದ್ದಲಿಗಳೊಡನೆ ಹೊಲಕ್ಕೆ ಇಳಿಯುತ್ತಾರೆ. ಮೊದಲು ಗಿಡವನ್ನು ನೆಲದಿಂದ ಮೊಣಕಾಲೆತ್ತರದಲ್ಲಿ ಕಡಿದು, ಮುಂದಿನ ನಾಟಿಗೆ ಬೇಕಾದ ನೆಟ್ಟಗಿನ ಕಾಂಡಗಳನ್ನು ಬೇರೆಯಾಗಿ ಕಟ್ಟಿಡುತ್ತಾರೆ. ಉಳಿದ ಮೋಟನ್ನು ಎರಡು ಕೈಗಳಿಂದ ಹಿಡಿದು, ಕಾಲುಗಳನ್ನು ಅಗಲಿಸಿ ನಿಂತು, ಅತ್ತಿತ್ತ ಅಲ್ಲಾಡಿಸಿ, ಗುಡ್ಡೆಯ ಮಣ್ಣು ಬಿರುಕುಬಿಟ್ಟು ಏಳುವುದನ್ನು ಕಂಡ ಮೇಲೆ ಒಂದೇ ಉಸಿರಿನಲ್ಲಿ ಮೇಲಕ್ಕೆ ಎಳೆಯಬೇಕು. ಬರಿಯ ಬಲದಿಂದ ಜಗ್ಗಿದರೆ ಮೋಟು ಕೈಗೆ ಬಂದು ಗೆಡ್ಡೆ ನೆಲದಲ್ಲೇ ಉಳಿಯುತ್ತದೆ. ಗುದ್ದಲಿಯನ್ನು ಆತುರದಿಂದ ಹಾಕಿದರೆ ಗೆಡ್ಡೆಗೆ ಗಾಯವಾಗುತ್ತದೆ. ಗಾಯವಾದ ಗೆಡ್ಡೆಯೇ ಮೊದಲು ಕೆಡುವುದು: ಗಾಳಿ ಸೋಕಿದ ಭಾಗದಿಂದ ತಿರುಳಿನೊಳಗೆ ನೀಲಿ ಮಿಶ್ರಿತ ಕಪ್ಪು ಗೆರೆಗಳು ಹಬ್ಬಿ, ಎರಡು ಮೂರು ದಿನಗಳಲ್ಲಿ ಅದು ತಿನ್ನಲು ಬಾರದಂತಾಗುತ್ತದೆ. ಆದಕಾರಣ ಮುರಿದ ಗೆಡ್ಡೆಗಳನ್ನು ಆಯ್ದು ಆ ದಿನದ ಊಟಕ್ಕೆ ಅಡಿಗೆಮನೆಗೆ ಕಳುಹಿಸುವುದು ವಾಡಿಕೆ. ಇಡಿಯಾಗಿ ಬಂದ ಗೊಂಚಲುಗಳಿಂದ ಗೆಡ್ಡೆಗಳನ್ನು ಬಿಡಿಸಿ, ಮಣ್ಣು ಕೊಡವಿ, ಹೆಡಿಗೆಗಳಲ್ಲಿ ತುಂಬಿ, ತಲೆಹೊರೆಯಾಗಿ ಮನೆಗೆ ಸಾಗಿಸುತ್ತಾರೆ. ಇಳಿಜಾರಿನ ಕಾಲುದಾರಿಯಲ್ಲಿ ಹೊರೆಗಳ ಈ ಸಾಲು ಬಿಸಿಲೇರುವವರೆಗೆ ನಿಲ್ಲದೆ ನಡೆಯುತ್ತದೆ.

ಅಂಗಳದ ನೆರಳಿನಲ್ಲಿ ಹೆಂಗಸರು ವೃತ್ತಾಕಾರವಾಗಿ ಕುಳಿತು ಸುಲಿಯತೊಡಗುತ್ತಾರೆ. ಆಲೂಗೆಡ್ಡೆಯನ್ನು ಹೆರೆಯುವಂತೆ ಇದನ್ನು ಹೆರೆಯುವುದಿಲ್ಲ. ಗೆಡ್ಡೆಯ ಎರಡು ತುದಿಗಳನ್ನು ತರಿದು, ಕತ್ತಿಯ ಮೊನೆಯಿಂದ ತಲೆಯಿಂದ ಬಾಲದವರೆಗೆ ಒಂದೇ ಗೀರು ಎಳೆದು, ಆ ಸೀಳಿನಲ್ಲಿ ಹೆಬ್ಬೆರಳನ್ನು ತೂರಿಸಿ ಸುತ್ತಲೂ ಒತ್ತಿಕೊಂಡು ಹೋದರೆ ಹೊರಸಿಪ್ಪೆಯೂ ಒಳತೊಗಟೆಯೂ ಒಟ್ಟಾಗಿ, ಅಂಗಿಯನ್ನು ಕಳಚಿದಂತೆ, ತಿರುಳಿನಿಂದ ಬೇರೆಯಾಗುತ್ತವೆ. ಗೀರು ಆಳವಾದರೆ ತಿರುಳು ನಷ್ಟ. ಮೇಲುಮೇಲಾದರೆ ತೊಗಟೆ ಬಿಡದು. ವಿಷಾಂಶದ ಬಹುಪಾಲು ಆ ತೊಗಟೆಯಲ್ಲಿಯೇ ಇರುವುದರಿಂದ ಇದು ರುಚಿಯ ಪ್ರಶ್ನೆ ಮಾತ್ರವಲ್ಲ. ಸಿಪ್ಪೆಯ ರಾಶಿಯನ್ನು ದನಗಳ ಬಾಯಿಗೆ ಎಟುಕದಂತೆ ದೂರ ಒಯ್ದು ಹಾಕುವ ಕೆಲಸ ಮಕ್ಕಳದು. ಹಸಿಯ ಸಿಪ್ಪೆಯನ್ನೋ ಎಲೆಯನ್ನೋ ಮೇದ ದನ ಅಸುನೀಗುವುದುಂಟೆಂಬ ತಿಳಿವಳಿಕೆಯನ್ನು ಮಕ್ಕಳು ಈ ಕೆಲಸದಿಂದಲೇ ಗಳಿಸಿಕೊಳ್ಳುತ್ತಾರೆ.

ಸುಲಿದ ಗೆಡ್ಡೆಗಳನ್ನು ತೊಳೆದು, ಕೈಪಳಗಿದವರು ತೆಳುವಾದ ಬಿಲ್ಲೆಗಳಾಗಿ ಹೆಚ್ಚುತ್ತಾರೆ. ಹೋಳುಗಳ ದಪ್ಪ ಒಂದೇ ಸಮನಾಗಿರಬೇಕು. ದಪ್ಪನೆಯದು ಬೇಯುವಷ್ಟರಲ್ಲಿ ತೆಳ್ಳನೆಯದು ಕರಗಿಹೋಗುತ್ತದೆ. ಅಷ್ಟರಲ್ಲಿ ಅಂಗಳದ ಮೂಲೆಯಲ್ಲಿ ಮೂರು ಕಲ್ಲುಗಳ ಮೇಲೆ ತಾಮ್ರದ ಕೊಪ್ಪರಿಗೆಯನ್ನೇರಿಸಿ, ನೀರು ತುಂಬಿ, ದಪ್ಪ ಸೌದೆಗಳಿಂದ ಉರಿ ಹಾಕಿರುತ್ತಾರೆ. ಇಂಥ ಕೊಪ್ಪರಿಗೆ ಪ್ರತಿ ಮನೆಯಲ್ಲೂ ಇರುವುದಿಲ್ಲ. ಊರಿನಲ್ಲಿರುವ ಒಂದೋ ಎರಡೋ ಸರದಿಯಂತೆ ಅಂಗಳದಿಂದ ಅಂಗಳಕ್ಕೆ ಸಂಚರಿಸುತ್ತವೆ. ನೀರು ಮರಳತೊಡಗಿದಾಗ ಹೋಳುಗಳನ್ನು ಬುಟ್ಟಿಬುಟ್ಟಿಯಾಗಿ ಸುರಿದು, ಉದ್ದನೆಯ ಮರದ ಹುಟ್ಟಿನಿಂದ ತಳ ಹಿಡಿಯದಂತೆ ಮಗುಚುತ್ತಾರೆ. ಹದವನ್ನು ನಿರ್ಣಯಿಸುವ ಅಧಿಕಾರ ಸಾಮಾನ್ಯವಾಗಿ ಮನೆಯ ಹಿರಿಯ ಹೆಂಗಸಿನದು, ಅನೇಕ ಮನೆಗಳಲ್ಲಿ ಎಲ್ಲರೂ ಅಮ್ಮಚ್ಚಿ ಎಂದು ಕರೆಯುವವಳದು. ಆಕೆ ಒಂದು ಹೋಳನ್ನು ಎತ್ತಿಸಿ, ಆರಿಸಿಕೊಂಡು, ಉಗುರಿನಿಂದ ಒತ್ತಿ ನೋಡುತ್ತಾಳೆ; ಅಂಚು ಬೆಂದು ಪಾರದರ್ಶಕವಾಗಿ, ನಡು ಇನ್ನೂ ತುಸು ಗಟ್ಟಿಯಾಗಿರುವುದೇ ಹದ. ಪೂರ್ತಿ ಬೆಂದರೆ ಒಣಗುವಾಗ ಪುಡಿಯಾಗುತ್ತದೆ, ಕಡಿಮೆಯಾದರೆ ಬೇಗ ಹುಳು ಹಿಡಿಯುತ್ತದೆ. ಆಕೆ ಸಾಕೆಂದ ಕ್ಷಣವೇ ಹೋಳುಗಳನ್ನು ಬಿದಿರಿನ ಬುಟ್ಟಿಗಳಲ್ಲಿ ಮೊಗೆದು, ನೀರು ಬಸಿದುಹೋಗಲು ಬಿಡುತ್ತಾರೆ. ಬಸಿದ ಈ ನೀರನ್ನು ಯಾರೂ ಬಳಸುವುದಿಲ್ಲ. ಅದು ಚೆಲ್ಲಲೇಬೇಕಾದ ನೀರು.

ಹೊಗೆಯಾಡುವ ಹೋಳುಗಳನ್ನು ಬಿದಿರಿನ ಚಾಪೆಗಳ ಮೇಲೆ, ಬಂಡೆ ಇರುವ ಕಡೆ ಬಂಡೆಯ ಮೇಲೆಯೇ, ಒಂದರ ಮೇಲೊಂದು ಬೀಳದಂತೆ ಹರಡುತ್ತಾರೆ. ದೂರದಿಂದ ನೋಡಿದವರಿಗೆ ಬೆಟ್ಟದ ಬಂಡೆಯ ಮೇಲೆ ಬಿಳಿಯ ಬಟ್ಟೆ ಹಾಸಿದಂತೆ ತೋರುತ್ತದೆ. ನಡುಹಗಲಿನಲ್ಲಿ ಕೆಲಸ ಸ್ವಲ್ಪ ತಡೆಯುತ್ತದೆ: ಮುಂಜಾನೆ ಆಯ್ದಿಟ್ಟ ಮುರಿದ ಗೆಡ್ಡೆಗಳನ್ನು ಬೇಯಿಸಿ ಬಸಿದು, ತೆಂಗಿನಕಾಯಿ, ಜೀರಿಗೆ, ಅರಿಸಿನ, ಹಸಿಮೆಣಸಿನಕಾಯಿಗಳ ಅರಪ್ಪಿನೊಡನೆ ಕಲಸಿದ ಪುಳುಕ್ಕು, ಹುಳಿ ಹಾಕಿದ ಮೀನಿನ ಸಾರು, ಗಾಂಧಾರಿ ಮೆಣಸನ್ನು ಉಪ್ಪಿನೊಡನೆ ಜಜ್ಜಿದ ಚಟ್ಣಿ, ಹಾಲಿಲ್ಲದ ಚಹಾ, ಇವು ಬಂದವರಿಗೆಲ್ಲ ಬಾಳೆಲೆಯ ಮೇಲೆ ಬಡಿಸುವ ಊಟ. ಉಂಡು ಎದ್ದು ಮತ್ತೆ ಕೊಪ್ಪರಿಗೆಯ ಬಳಿ ನಿಂತವರು, ಕಿತ್ತ ಗೆಡ್ಡೆ ಮುಗಿಯುವವರೆಗೆ, ಕೆಲವೊಮ್ಮೆ ದೀಪ ಹಚ್ಚಿಕೊಂಡು ರಾತ್ರಿ ಬಹಳ ಹೊತ್ತಿನವರೆಗೆ, ಬೇಯಿಸುತ್ತಲೇ ಇರುತ್ತಾರೆ. ಉಳಿದುದನ್ನು ನಾಳೆ ನೋಡೋಣವೆಂಬ ಮಾತಿಗೆ ಈ ಬೆಳೆಯಲ್ಲಿ ಅವಕಾಶ ಕಡಿಮೆ. ಹೋಳುಗಳು ಮೂರರಿಂದ ಐದು ಬಿಸಿಲು ಕಾಣುತ್ತವೆ. ಇರುಳಿನ ಇಬ್ಬನಿ ತಾಗದಂತೆ ಕೂಡಿಸಿ ಮುಚ್ಚಿಡುತ್ತಾರೆ. ಹಿಡಿಯಲ್ಲಿ ಅಲ್ಲಾಡಿಸಿದಾಗ ಹೋಳುಗಳು ಕಲ್ಲುಹರಳುಗಳಂತೆ ಕಟಕಟನೆ ಸದ್ದುಮಾಡಿದರೆ ಒಣಗಿತೆಂದು ಅರ್ಥ. ಹಸಿಯ ಗೆಡ್ಡೆಯ ತೂಕದಲ್ಲಿ ಸುಮಾರು ಮೂರರಲ್ಲೊಂದು ಭಾಗ ಉಳಿಯುವ ಈ ಒಣಕಪ್ಪ ಗೋಣಿಚೀಲಗಳಲ್ಲಿ ಅಟ್ಟವನ್ನು ಸೇರುತ್ತದೆ. ಬೇಯಿಸದೆ ಹಸಿಯಾಗಿಯೇ ಒಣಗಿಸಿದುದು ಬೇರೊಂದು ಬಗೆ. ಅದನ್ನು ಕುಟ್ಟಿ ಹಿಟ್ಟುಮಾಡುವುದು ರೂಢಿ, ಅದಕ್ಕೆ ಬೇಗನೆ ಹುಳು ಹಿಡಿಯುತ್ತದೆ.

ಕರ್ಕಾಟಕ ಮಾಸ ಬರುತ್ತದೆ. ತುಳುನಾಡಿನ ಆಟಿ ತಿಂಗಳಿಗೆ ಸಮನಾದ, ಎಡೆಬಿಡದ ಮಳೆಯಲ್ಲಿ ಕೂಲಿಯೂ ಇಲ್ಲದೆ ಕಣಜವೂ ಬರಿದಾಗುವ ಆ ತಿಂಗಳಿನಲ್ಲಿ, ಮನೆಯಾಕೆ ಚೀಲದ ಬಾಯಿ ಬಿಚ್ಚಿ, ಒಂದು ಪಾತ್ರೆಯಷ್ಟು ಹೋಳುಗಳನ್ನು ಇರುಳಿಡೀ ನೆನೆಸಿ, ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುತ್ತಾಳೆ. ಮಕರದ ಬಿಸಿಲನ್ನು ಕರ್ಕಾಟಕದ ಮಳೆಯಲ್ಲಿ ಉಣ್ಣಲು ಸಾಧ್ಯವಾಗುವುದು ಹೀಗೆ.

ವಿಷಾಂಶ ಮತ್ತು ಅದರ ನಿವಾರಣೆ: ಮರಗೆಣಸಿನ ಎಲ್ಲ ಅಂಗಗಳಲ್ಲಿಯೂ ಲಿನಮಾರಿನ್ ಎಂಬ ಗ್ಲೂಕೋಸೈಡು ಮುಖ್ಯವಾಗಿಯೂ ಲೋಟಾಸ್ಟ್ರಾಲಿನ್ ಎಂಬುದು ಅಲ್ಪವಾಗಿಯೂ ಇವೆ. ಜೀವಕೋಶಗಳು ಇಡಿಯಾಗಿರುವಾಗ ಇವು ನಿರುಪದ್ರವಿಗಳು. ಕೊಯ್ದಾಗ, ತುರಿದಾಗ, ಅಗಿದಾಗ ಜೀವಕೋಶದ ಗೋಡೆಗಳು ಒಡೆದು, ಬೇರೆಡೆ ಇದ್ದ ಲಿನಮಾರೇಸ್ ಎಂಬ ಕಿಣ್ವ ಇವುಗಳನ್ನು ಕೂಡಿಕೊಂಡು, ಕಡೆಗೆ ಹೈಡ್ರೊಸಯನಿಕ್ ಆಮ್ಲವೆಂಬ ಘೋರವಿಷವನ್ನು ಬಿಡುಗಡೆ ಮಾಡುತ್ತದೆ. ಇದರ ಪ್ರಮಾಣಕ್ಕೆ ತಕ್ಕಂತೆ ಸಿಹಿ ಮತ್ತು ಕಹಿ ಎಂದು ತಳಿಗಳನ್ನು ವಿಂಗಡಿಸುತ್ತಾರೆ. ಸುಲಿದ ಹಸಿಗೆಡ್ಡೆಯ ಕಿಲೋಗ್ರಾಮಿಗೆ 50 ಮಿಲಿಗ್ರಾಮಿಗಿಂತ ಕಡಿಮೆ ಇದ್ದರೆ ಅಪಾಯವಿಲ್ಲದುದೆಂದೂ 100ನ್ನು ಮೀರಿದರೆ ಅಪಾಯಕರವೆಂದೂ ಎಣಿಸುವುದು ವಾಡಿಕೆ; ತಿನ್ನಲು ಸಿದ್ಧವಾದ ಹಿಟ್ಟಿನಲ್ಲಿ ಕಿಲೋಗ್ರಾಮಿಗೆ 10 ಮಿಲಿಗ್ರಾಮನ್ನು ಮೀರಕೂಡದೆಂಬುದು ಅಂತಾರಾಷ್ಟ್ರೀಯ ಆಹಾರ ಸಂಹಿತೆಯ ಮಿತಿ. ಹೈಡ್ರೊಸಯನಿಕ್ ಆಮ್ಲ 26 ಡಿಗ್ರಿ ಸೆಲ್ಸಿಯಸ್ಸಿನಷ್ಟು ಕಡಿಮೆ ಉಷ್ಣತೆಯಲ್ಲಿಯೇ ಕುದಿದು ಆವಿಯಾಗುವುದರಿಂದ ತೆರೆದ ಪಾತ್ರೆಯಿಂದ ಅದು ಸುಲಭವಾಗಿ ಹೊರಟುಹೋಗುತ್ತದೆ. ಆದರೆ ಕುದಿನೀರಿನಲ್ಲಿ ಕಿಣ್ವವೇ ಬೇಗನೆ ನಾಶವಾಗುವುದರಿಂದ ಒಡೆಯದೆ ಉಳಿದ ಲಿನಮಾರಿನ್ ನೀರಿನಲ್ಲಿ ಕರಗಿಯೇ ಹೋಗಬೇಕು. ತೆಳುವಾಗಿ ಹೆಚ್ಚುವುದು, ನೀರನ್ನು ಧಾರಾಳವಾಗಿ ಇಡುವುದು, ಬಸಿದು ಚೆಲ್ಲುವುದು ಎಂಬ ಅಂಗಳದ ಮೂರು ನಿಯಮಗಳಿಗೂ ರಸಾಯನಶಾಸ್ತ್ರದ ಆಧಾರ ಹೀಗೆ ಸಂಪೂರ್ಣವಾಗಿ ದೊರಕುತ್ತದೆ.

ಈ ನಿಯಮಗಳು ಸಡಿಲವಾದಾಗ ಆಗುವ ಅನರ್ಥಕ್ಕೆ ಆಫ್ರಿಕ ಸಾಕ್ಷಿ. ಬೆಲ್ಜಿಯನ್ ಕಾಂಗೋದಲ್ಲಿ ಇಟಲಿಯ ವೈದ್ಯ ಜಿಯೊವಾನ್ನಿ ಟ್ರೊಲ್ಲಿ 1938ರಲ್ಲಿ ವರ್ಣಿಸಿದ ‘ಕೊಂಜೊ’ ಎಂಬ ವ್ಯಾಧಿಯಲ್ಲಿ ರೋಗಿಯ ಎರಡು ಕಾಲುಗಳೂ ಥಟ್ಟನೆ ಸೆಟೆದು, ಮತ್ತೆಂದೂ ಮೊದಲಿನಂತಾಗುವುದಿಲ್ಲ. ಬರಗಾಲದಲ್ಲಿ ಕಹಿಯ ಗೆಡ್ಡೆಯನ್ನು ಸರಿಯಾಗಿ ಹಸನುಗೊಳಿಸದೆ, ಬೇರೆ ಸತ್ತ್ವಾಹಾರವಿಲ್ಲದೆ ವಾರಗಟ್ಟಲೆ ತಿಂದ ಬಡವರಿಗೆ, ಅದರಲ್ಲಿಯೂ ಹೆಂಗಸರಿಗೂ ಮಕ್ಕಳಿಗೂ ಇದು ತಗಲುತ್ತದೆ. 1981ರಲ್ಲಿ ಮೊಜಾಂಬಿಕಿನ ನಂಪುಲ ಪ್ರಾಂತದಲ್ಲಿ ಸಾವಿರಕ್ಕೂ ಹೆಚ್ಚು ಜನ ಇದಕ್ಕೆ ತುತ್ತಾದರು. ಹಿಟ್ಟನ್ನು ನೀರಿನಲ್ಲಿ ಕಲಸಿ, ತೆಳುವಾಗಿ ಹರಡಿ, ಬಿಸಿಲಿನಲ್ಲಿ ಎರಡು ಗಂಟೆ ಅಥವಾ ನೆರಳಿನಲ್ಲಿ ಐದು ಗಂಟೆ ಬಿಟ್ಟರೆ ಉಳಿದ ವಿಷಾಂಶ ಬಹುಮಟ್ಟಿಗೆ ಹೋಗುವುದೆಂದು ಆಸ್ಟ್ರೇಲಿಯದ ವಿಜ್ಞಾನಿ ಹೋವರ್ಡ್ ಬ್ರಾಡ್‌ಬರಿ ತೋರಿಸಿಕೊಟ್ಟ ಸರಳೋಪಾಯ ಅಲ್ಲಿನ ಹಳ್ಳಿಗಳಲ್ಲಿ ಪ್ರಚಾರಕ್ಕೆ ಬಂದಿದೆ.

ಅನ್ಯದೇಶಗಳ ವಿಧಾನಗಳು: ಜಗತ್ತಿನಲ್ಲಿ ವರ್ಷಂಪ್ರತಿ 30 ಕೋಟಿ ಟನ್ನುಗಳನ್ನು ಮೀರಿ ಬೆಳೆಯುವ ಮರಗೆಣಸಿನಲ್ಲಿ ಅತಿ ದೊಡ್ಡ ಪಾಲು ಆಫ್ರಿಕದ್ದು, ದೇಶಗಳ ಪೈಕಿ ನೈಜೀರಿಯ ಮೊದಲನೆಯದು. ಅಲ್ಲಿ ಗೆಡ್ಡೆಯನ್ನು ತುರಿದು, ಚೀಲಗಳಲ್ಲಿ ತುಂಬಿ, ಮೇಲೆ ಕಲ್ಲು ಹೇರಿ ಕೆಲವು ದಿನ ಬಿಡುತ್ತಾರೆ; ರಸ ಹರಿದುಹೋಗಿ ಹುಳಿ ಬಂದ ತುರಿಯನ್ನು ಜರಡಿ ಹಿಡಿದು, ಅಗಲವಾದ ಬಾಣಲೆಯಲ್ಲಿ ಹುರಿದರೆ ‘ಗರಿ’ ಎಂಬ ರವೆಯಂಥ ಆಹಾರ ಸಿದ್ಧ. ಕಾಂಗೋ ನದಿಯ ಪ್ರಾಂತದಲ್ಲಿ ಗೆಡ್ಡೆಗಳನ್ನು ಮೂರು ನಾಲ್ಕು ದಿನ ನೀರಿನಲ್ಲಿ ಕೊಳೆಹಾಕಿ, ಅರೆದು, ಎಲೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುತ್ತಾರೆ. ಅಮೆಜಾನಿನ ಮೂಲನಿವಾಸಿಗಳು ತುರಿದ ಕಹಿಗೆಡ್ಡೆಯನ್ನು ‘ಟಿಪಿಟಿ’ ಎಂಬ ಉದ್ದನೆಯ ಹೆಣೆದ ಕೊಳವೆಯಲ್ಲಿ ತುಂಬಿ, ಒಂದು ತುದಿಯನ್ನು ತೊಲೆಗೆ ಕಟ್ಟಿ ಇನ್ನೊಂದು ತುದಿಯನ್ನು ಕೆಳಕ್ಕೆ ಜಗ್ಗುತ್ತಾರೆ. ಉದ್ದವಾಗುತ್ತ ಹೋದಂತೆ ಕಿರಿದಾಗುವ ಆ ಹೆಣಿಗೆ ರಸವನ್ನೆಲ್ಲ ಹಿಂಡಿ ಹಾಕುತ್ತದೆ. ಹಾಗೆ ಬಂದ ವಿಷರಸವನ್ನೂ ಅವರು ವ್ಯರ್ಥಮಾಡದೆ, ಬಹಳ ಹೊತ್ತು ಕುದಿಸಿ, ‘ಟುಕುಪಿ’ ಎಂಬ ಹಳದಿಯ ಸಾರನ್ನು ಮಾಡಿಕೊಳ್ಳುತ್ತಾರೆ. ಕ್ಯೂಬ, ಹೈಟಿ, ಡೊಮಿನಿಕನ್ ಗಣರಾಜ್ಯ, ಹೊಂಡುರಾಸ್, ವೆನೆಜುವೆಲ ದೇಶಗಳ ಮರಗೆಣಸಿನ ರೊಟ್ಟಿಯ ಸಂಪ್ರದಾಯವನ್ನು ಯುನೆಸ್ಕೊ 2024ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ತುರಿದು ಹಿಂಡುವ, ಕೊಳೆಹಾಕುವ, ಬೇಯಿಸಿ ಬಸಿಯುವ ಈ ದಾರಿಗಳು ಬೇರೆಬೇರೆಯಾದರೂ, ಒಂದೇ ಗೆಡ್ಡೆಯ ಒಂದೇ ದೋಷಕ್ಕೆ ಸಾಗರಗಳಾಚೆಯ ಜನ ತಮ್ಮ ತಮ್ಮ ಅನುಭವದಿಂದ ಕಂಡುಕೊಂಡ ಉತ್ತರಗಳಿವು. ಇವುಗಳಲ್ಲಿ ಬಹುಪಾಲು ಹೆಂಗಸರ ಕೈಯ ವಿದ್ಯೆ.

ಉದ್ಯಮ ಮತ್ತು ಕನ್ನಡನಾಡು: ಮರಗೆಣಸನ್ನು ನೇರವಾಗಿ ಉಣ್ಣದ ಕನ್ನಡ ಮನೆಗಳಲ್ಲಿಯೂ ಅದು ಸಬ್ಬಕ್ಕಿಯ ರೂಪದಲ್ಲಿ ಪರಿಚಿತ. ಮೂಲತಃ ಸಬ್ಬಕ್ಕಿ ಆಗ್ನೇಯ ಏಷ್ಯದ ಸೇಗೊ ತಾಳೆಯ ಕಾಂಡದ ಪಿಷ್ಟದಿಂದ ತಯಾರಾಗುತ್ತಿದ್ದ ಪದಾರ್ಥ. 1940ರ ದಶಕದಲ್ಲಿ ತಮಿಳುನಾಡಿನ ಸೇಲಂ ಸುತ್ತಮುತ್ತ ಮರಗೆಣಸಿನ ಪಿಷ್ಟದಿಂದ ಅದನ್ನು ತಯಾರಿಸುವ ಉದ್ಯಮ ಬೆಳೆಯಿತು. ಗೆಡ್ಡೆಯನ್ನು ಸುಲಿದು ಅರೆದು, ಪಿಷ್ಟ ಬೆರೆತ ಹಾಲನ್ನು ತೊಟ್ಟಿಗಳಲ್ಲಿ ತಿಳಿಯಾಗಲು ಬಿಟ್ಟು, ತಳದಲ್ಲಿ ಕೂತ ಒದ್ದೆ ಪಿಷ್ಟವನ್ನು ಪುಡಿಮಾಡಿ ತೂಗಾಡಿಸಿದರೆ ಅದು ಮಣಿಗಳಾಗಿ ಉರುಳಿಕೊಳ್ಳುತ್ತದೆ. ಆ ಮಣಿಗಳನ್ನು ಕಾದ ತಟ್ಟೆಗಳ ಮೇಲೆ ಹುರಿದು ಬಿಸಿಲಿನಲ್ಲಿ ಒಣಗಿಸಿದರೆ ಸಬ್ಬಕ್ಕಿ. ಉತ್ಪಾದಕರ ಸಹಕಾರ ಸಂಘವಾದ ಸೇಗೊಸರ್ವ್ ಸೇಲಂನಲ್ಲಿ 1981ರಲ್ಲಿ ಸ್ಥಾಪಿತವಾಯಿತು. ಹಬ್ಬದ ಪಾಯಸದಲ್ಲಿಯೂ ಬೇಸಗೆಯ ಸಂಡಿಗೆಯಲ್ಲಿಯೂ ನಾವು ಕಾಣುವ ಆ ಬಿಳಿಯ ಮುತ್ತುಗಳ ಹಿಂದೆ ಇರುವುದು ಇದೇ ಗೆಡ್ಡೆ.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನ ಸಂಸ್ಥೆ ಮರಗೆಣಸಿನ ಹಿಟ್ಟಿಗೆ ಕಡಲೆಕಾಯಿ ಹಿಂಡಿಯ ಹಿಟ್ಟನ್ನೂ ಗೋಧಿಯ ರವೆಯನ್ನೂ ಬೆರೆಸಿ, ಸಸಾರಜನಕದ ಕೊರತೆಯನ್ನು ನೀಗುವ ಶಾವಿಗೆಯಂಥ ಆಹಾರವನ್ನು ರೂಪಿಸಿತು. ಇದಲ್ಲದೆ, ಕಳೆದ ಶತಮಾನದ ಉತ್ತರಾರ್ಧದಲ್ಲಿ ತಿರುವಾಂಕೂರಿನ ರೈತಕುಟುಂಬಗಳು ಬೆಳ್ತಂಗಡಿಯ ಕಡೆಗೂ ನರಸಿಂಹರಾಜಪುರದ ಕಡೆಗೂ ಬಂದು ನೆಲೆಸಿದಾಗ ಮರಗೆಣಸಿನ ಕಾಂಡವೂ ಅವರೊಡನೆ ಘಟ್ಟದ ಮಣ್ಣನ್ನು ಸೇರಿತು. ಇಂದು ಕರಾವಳಿ ಮತ್ತು ಮಲೆನಾಡುಗಳ ಸಂತೆಗಳಲ್ಲಿ ಮರಗೆಣಸು ಸುಪರಿಚಿತ. ಅದರ ಹಪ್ಪಳವನ್ನೂ ಉಪ್ಪೇರಿಯನ್ನೂ ಮಾಡುವ ಕನ್ನಡದ ಮನೆಗಳು ಅನೇಕ.

ವರ್ತಮಾನ ಸ್ಥಿತಿ: ಕೇರಳದಲ್ಲಿ 1970ರ ದಶಕದ ನಡುವಿನಲ್ಲಿ ಮೂರು ಲಕ್ಷ ಹೆಕ್ಟೇರುಗಳನ್ನು ಮೀರಿದ್ದ ಮರಗೆಣಸಿನ ಬೇಸಾಯ ಬಳಿಕ ಬಹುವಾಗಿ ಕುಗ್ಗಿತು. ರಬ್ಬರಿನ ಆದಾಯ, ಅಗ್ಗವಾಗಿ ದೊರಕತೊಡಗಿದ ಅಕ್ಕಿ, ಕಾಡುಹಂದಿಗಳ ಹಾವಳಿ, ಊರು ಬಿಟ್ಟು ದುಡಿಯಹೋದ ಯುವಜನ, ಇವೆಲ್ಲ ಅದಕ್ಕೆ ಕಾರಣ. ಹೋಳು ಮಾಡುವ ಯಂತ್ರಗಳೂ ಒಣಗಿಸುವ ಒಲೆಗಳೂ ಬಂದಿವೆ. ಬೆನ್ನು ಬಾಗಿಸಿ ದುಡಿದವರ ಶ್ರಮವನ್ನು ಇಳಿಸುವ ಇಂಥ ಉಪಕರಣಗಳನ್ನು ಸ್ವಾಗತಿಸಬೇಕು. ಆದರೆ ಯಾವ ಗೆಡ್ಡೆಯನ್ನು ಮೊದಲು ತಿನ್ನಬೇಕು, ಸಿಪ್ಪೆಯನ್ನು ಎಲ್ಲಿ ಹಾಕಬೇಕು, ಯಾವ ನೀರನ್ನು ಚೆಲ್ಲಬೇಕು ಎಂಬುದು ಯಂತ್ರದ ಜೊತೆಗೆ ಬರುವ ವಿದ್ಯೆಯಲ್ಲ. ಅಂಗಳದಲ್ಲಿ ಹಿರಿಯರ ಪಕ್ಕದಲ್ಲಿ ಕುಳಿತು ಕೈಯಿಂದ ಕೈಗೆ ಬಂದುದು ಅದು, ಬರೆದಿಡದಿದ್ದರೆ ಅಂಗಳದೊಡನೆಯೇ ಮರೆಯಾಗತಕ್ಕದ್ದು. ಗೆಡ್ಡೆಬೆಳೆಗಳ ಸಂಶೋಧಕರು ತಳಿಗಳನ್ನು ಸಂಗ್ರಹಿಸಿ ಕಾಪಾಡುತ್ತಿರುವಷ್ಟೇ ಶ್ರದ್ಧೆಯಿಂದ ಈ ಕೈವಿದ್ಯೆಯನ್ನೂ ಊರೂರಿನಲ್ಲಿ ಸಂಗ್ರಹಿಸಬೇಕಾಗಿದೆ. ಕಪ್ಪವಾಟ್ಟ್ ನಡೆಯುವ ಮನೆಗಳಲ್ಲಿ ಇಂದಿಗೂ ದಿನದ ಕೊನೆಯ ಕೆಲಸ ಕಾಂಡಗಳದು: ಕೊಪ್ಪರಿಗೆಯ ಕೆಳಗಿನ ಉರಿ ಆರಿದ ಮೇಲೆ, ಮುಂಜಾನೆ ಕಡಿದು ಕಟ್ಟಿದ ಕಟ್ಟುಗಳನ್ನು ಎತ್ತಿ ಮರದ ನೆರಳಿಗೆ ಒಯ್ದು, ಬುಡ ಕೆಳಗಾಗಿ ನೆಟ್ಟಗೆ ನಿಲ್ಲಿಸಿ, ಮುಂಗಾರಿನ ಮೊದಲ ಮಳೆಯವರೆಗೆ ಕಾಪಾಡುತ್ತಾರೆ.